ಕಸದಿಂದ ಕರೆಂಟು, ಪ್ಲಾಸ್ಟಿಕ್‌ನಿಂದ ಡೀಸೆಲ್: ಹೆಂಗಾಗುತ್ತೆ, ಎಲ್ಲಿ ಸಿಕ್ಕಾಕ್ಕೊಳ್ಳುತ್ತೆ

ಬೇಸಿಗೆ ಬಂತು ಅಂದ್ರೆ ಎಲ್ಲೋ ಒಂದು ಕಡೆ ಕಸದ ರಾಶಿಗೆ ಬೆಂಕಿ ಬಿದ್ದ ಸುದ್ದಿ ಬರುತ್ತೆ, ಊರಾಚೆ ಕಸ ಸುರಿಯೋ ಜಾಗದ ಪಕ್ಕದ ಹಳ್ಳಿಯವ್ರು ಲಾರಿ ತಡೆದು ನಿಲ್ಲಿಸ್ತಾರೆ, ಅಂಥ ಹೊತ್ತಲ್ಲಿ ಒಬ್ರಾದ್ರೂ ಕೇಳೇ ಕೇಳ್ತಾರೆ, "ಇದನ್ನೆಲ್ಲ ಸುಟ್ಟು ಕರೆಂಟ್ ಮಾಡಬಾರದಾ? ಬೇರೆ ದೇಶದಲ್ಲಿ ಮಾಡ್ತಾರಂತಲ್ಲ?" ಅಂತ. ಇನ್ನೊಬ್ರು ಫೋನ್ ತೆಗೆದು ಪ್ಲಾಸ್ಟಿಕ್ ಕವರ್ ಹಾಕಿ ಡೀಸೆಲ್ ತೆಗೆಯೋ ವಿಡಿಯೋ ತೋರಿಸ್ತಾರೆ. ಎರಡೂ ಸುಳ್ಳಲ್ಲ, ಎರಡೂ ಆಗುತ್ತೆ. ಆದ್ರೆ ತುಮಕೂರಿನ ಕಸಕ್ಕೆ, ಕೋಲಾರದ ಮಾರ್ಕೆಟ್ ಕಸಕ್ಕೆ, ಚಿಕ್ಕಬಳ್ಳಾಪುರದ ವಾರ್ಡ್ ಗಾಡಿಯಲ್ಲಿ ಬರೋ ಕಸಕ್ಕೆ ಆಗುತ್ತಾ ಅನ್ನೋದು ಬೇರೆ ಮಾತು, ಅದಕ್ಕೆ ಉತ್ತರ ಬೇಕು ಅಂದ್ರೆ ಬುಡದಿಂದ ಶುರು ಮಾಡಬೇಕು. ಸೈನ್ಸ್ ಓದಿಲ್ಲ ಅನ್ನೋರಿಗೂ ಅರ್ಥ ಆಗೋ ವಿಷಯಾನೇ ಇದು.

ಸೂಕ್ಷ್ಮಜೀವಿ ದಾರಿ, ಬೆಂಕಿ ದಾರಿ

ಕಸದಿಂದ ಶಕ್ತಿ ತೆಗೆಯೋಕೆ ಮುಖ್ಯವಾಗಿ ಎರಡು ದಾರಿ ಇದೆ. ಒಂದು ಗೋಬರ್ ಗ್ಯಾಸ್ ದಾರಿ. ಸಗಣಿನೋ ಅಡುಗೆಮನೆ ಹಸಿ ಕಸಾನೋ ಗಾಳಿ ಆಡದ ತೊಟ್ಟಿಗೆ ಹಾಕಿದ್ರೆ ಸೂಕ್ಷ್ಮಜೀವಿಗಳು ಅದನ್ನ ತಿಂದು ಮೀಥೇನ್ ಗ್ಯಾಸ್ ಬಿಡ್ತವೆ. ಇದಕ್ಕೆ ದಿನಗಟ್ಟಲೆ ವಾರಗಟ್ಟಲೆ ಟೈಮ್ ಬೇಕು, ಆದ್ರೆ ಕಸ ಹಸಿಯಾಗಿದ್ದಷ್ಟೂ ಅದಕ್ಕೆ ಅನುಕೂಲ.

ಇನ್ನೊಂದು ಶಾಖದ ದಾರಿ. ಇದನ್ನೇ ಥರ್ಮೋಕೆಮಿಕಲ್ ಪ್ರೊಸೆಸ್ ಅಂತಾರೆ, ಅಂದ್ರೆ ಕಸಕ್ಕೆ ಜೋರಾಗಿ ಶಾಖ ಕೊಟ್ಟು ಅದರೊಳಗಿನ ಉದ್ದುದ್ದ ಅಣುಗಳನ್ನ ಮುರಿದು ಬೇರೆ ವಸ್ತು ಮಾಡೋದು. ಸೂಕ್ಷ್ಮಜೀವಿಗಳು ವಾರಗಟ್ಟಲೆ ಮಾಡೋ ಕೆಲಸಾನ ಇದು ನಿಮಿಷಗಳಲ್ಲಿ ಮಾಡುತ್ತೆ, ಸೂಕ್ಷ್ಮಜೀವಿಗಳಿಗೆ ಜೀರ್ಣವೇ ಆಗದ ಪ್ಲಾಸ್ಟಿಕ್, ಟೈರು, ಕಟ್ಟಿಗೆ, ತೆಂಗಿನ ಚಿಪ್ಪು ಎಲ್ಲಾನೂ ತಗೊಳ್ಳುತ್ತೆ. ಬದಲಿಗೆ ಅದು ಕೇಳೋದು ಒಂದೇ, ಕಸ ಒಣಗಿರ್ಬೇಕು. ಈ ಮಾತನ್ನ ಇಡೀ ಲೇಖನ ಓದೋವಾಗ ತಲೇಲಿ ಇಟ್ಕೊಂಡಿರಿ, ಯಾಕಂದ್ರೆ ನಮ್ಮ ದೇಶದಲ್ಲಿ ಇಂಥ ಪ್ಲಾಂಟ್‌ಗಳು ಕೆಟ್ಟು ನಿಂತ ಕಥೆಗಳಲ್ಲಿ ಬಹಳಷ್ಟು ಇಲ್ಲಿಂದಾನೇ ಶುರುವಾಗೋದು.

ಸೌದೆ ಒಲೆಯಲ್ಲೇ ಎಲ್ಲಾ ಇದೆ

ಪೈರೋಲಿಸಿಸ್, ಗ್ಯಾಸಿಫಿಕೇಶನ್, ಇನ್ಸಿನರೇಶನ್ ಅಂತ ದೊಡ್ಡ ದೊಡ್ಡ ಹೆಸರು ಕೇಳಿ ಗಾಬರಿ ಆಗಬೇಡಿ. ಈ ಮೂರೂ ನಮ್ಮ ಹಳ್ಳಿ ಮನೆ ಸೌದೆ ಒಲೆಯಲ್ಲಿ, ಒಂದೇ ಸೌದೆಯಲ್ಲಿ, ಒಂದರ ಹಿಂದೆ ಒಂದು ನಡೀತಾ ಇರ್ತವೆ.

ಅರೆ ಒಣಗಿದ ಸೌದೆ ಒಂದನ್ನ ಒಲೆಗೆ ಇಟ್ಟು ಗಮನ ಇಟ್ಟು ನೋಡಿ. ಮೊದಲು ಹೊರಗಿರೋ ತುದೀಲಿ ಸುಯ್ ಅಂತ ನೀರು ನೊರೆ ನೊರೆಯಾಗಿ ಬರುತ್ತೆ. ಅದು ಒಣಗೋ ಹಂತ, ಅಲ್ಲಿವರೆಗೂ ಬೆಂಕಿಯ ಶಾಖ ಎಲ್ಲ ನೀರು ಓಡಿಸೋಕೇ ಖರ್ಚು. ಆಮೇಲೆ ಸೌದೆಯಿಂದ ದಪ್ಪ ಹೊಗೆ ಏಳುತ್ತೆ. ಈಗ ಸೌದೆ ಉರೀತಾ ಇಲ್ಲ, ಶಾಖಕ್ಕೆ ಒಡೀತಾ ಇದೆ ಅಷ್ಟೆ, ಇದೇ ಪೈರೋಲಿಸಿಸ್. ಆ ಹೊಗೇಲಿ ಉರಿಯೋ ಗ್ಯಾಸೂ ಇದೆ, ಟಾರಿನಂಥ ಎಣ್ಣೆಯ ಹನಿಗಳೂ ಇವೆ, ಗೋಡೆ ಮೇಲೆ ಕಪ್ಪಗೆ ಜಿಡ್ಡಾಗಿ ಕೂರೋದೂ ಅದೇ. ಆ ಹೊಗೆಗೆ ಗಾಳಿ ಸಿಕ್ಕಿ ಕಿಡಿ ತಾಗಿದ ಕೂಡ್ಲೇ ಭಗ್ ಅಂತ ಹಳದಿ ಜ್ವಾಲೆ ಹತ್ಕೊಳ್ಳುತ್ತೆ. ನಾವು ಸೌದೆ ಉರೀತಿದೆ ಅಂತೀವಿ, ನಿಜಕ್ಕೂ ಉರೀತಿರೋದು ಸೌದೆಯಿಂದ ಹೊರಗೆ ಬಂದ ಗ್ಯಾಸು. ಒಣ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ಹಿಂಗೆ ಗ್ಯಾಸು ಮತ್ತು ಆವಿಯಾಗಿ ಹೊರಗೆ ಬರುತ್ತೆ. ಕೊನೆಗೆ ಉಳಿಯೋದು ಕೆಂಡ, ಅದು ಜ್ವಾಲೆ ಇಲ್ಲದೆ ನಿಧಾನಕ್ಕೆ ಉರಿದು ಬೂದಿಯಾಗುತ್ತೆ.

ಈಗ ಎಲ್ಲಾ ಟೆಕ್ನಾಲಜಿಯ ಗುಟ್ಟು ಒಂದೇ ಮಾತಲ್ಲಿ ಹೇಳಬಹುದು: ಗಾಳಿ ಎಷ್ಟು ಬಿಡ್ತೀರಿ? ಗಾಳಿ ಪೂರ್ತಿ ಬಿಟ್ರೆ ಎಲ್ಲಾ ಉರಿದು ಶಾಖ ಮತ್ತು ಬೂದಿ ಆಗುತ್ತೆ, ಅದು ಇನ್ಸಿನರೇಶನ್. ಬೇಕಾದ ಗಾಳೀಲಿ ಕಾಲು ಭಾಗ, ಮೂರನೇ ಒಂದು ಭಾಗ ಅಷ್ಟೇ ಬಿಟ್ರೆ ಅರ್ಧಂಬರ್ಧ ಉರಿದು, ಉರಿಯೋಕೆ ರೆಡಿ ಇರೋ ಗ್ಯಾಸ್ ಹೊರಗೆ ಬರುತ್ತೆ, ಅದು ಗ್ಯಾಸಿಫಿಕೇಶನ್. ಗಾಳಿ ಒಂಚೂರೂ ಬಿಡದೆ ಹೊರಗಿಂದ ಬೇಯಿಸಿದ್ರೆ ಗ್ಯಾಸು, ಎಣ್ಣೆ, ಇದ್ದಿಲು ಮೂರೂ ಬೇರೆ ಬೇರೆಯಾಗಿ ಸಿಗುತ್ತೆ, ಅದು ಪೈರೋಲಿಸಿಸ್. ಒಲೆಯಲ್ಲಿ ಒಂದೇ ಸಲ ನಡೆಯೋದನ್ನ ಬಿಡಿಸಿ, ನಮಗೆ ಬೇಕಾದ ಹಂತದಲ್ಲಿ ನಿಲ್ಲಿಸೋದೇ ಇಡೀ ಎಂಜಿನಿಯರಿಂಗ್.

ಟೊಮೆಟೊ ಲೆಕ್ಕ

ಮೊದಲು ನೀರಿನ ಲೆಕ್ಕ ಮುಗಿಸೋಣ, ಇದು ಗೊತ್ತಾದ್ರೆ ಅರ್ಧ ವಿಷಯ ಗೊತ್ತಾದ ಹಾಗೆ.

ಕೋಲಾರದ ಎಪಿಎಂಸಿ ಟೊಮೆಟೊಗೆ ಹೆಸರುವಾಸಿ, ರೇಟ್ ಬಿದ್ದಾಗ ರೈತರು ಕ್ರೇಟ್‌ಗಟ್ಟಲೆ ಹಣ್ಣು ರಸ್ತೆಗೆ ಸುರಿದು ಹೋಗೋದೂ ಎಲ್ಲರಿಗೂ ಗೊತ್ತು. ಆ ಸುರಿದ ಹಣ್ಣನ್ನ ಸುಟ್ಟು ಶಕ್ತಿ ತೆಗೆಯೋಣ ಅಂತ ಇಟ್ಕೊಳ್ಳಿ. 1 ಕೆಜಿ ಟೊಮೆಟೊದಲ್ಲಿ ಸುಮಾರು 940 ಗ್ರಾಂ ನೀರೇ ಇರುತ್ತೆ. 1 ಕೆಜಿ ನೀರನ್ನ ನಮ್ಮ ಹವೆಯ ಬಿಸಿಯಿಂದ 100 ಡಿಗ್ರಿಗೆ ತರೋಕೆ ಸುಮಾರು 75 ಕಿಲೋ ಕ್ಯಾಲೊರಿ ಶಾಖ ಬೇಕು, ಆಮೇಲೆ ಅದನ್ನ ಆವಿ ಮಾಡೋಕೆ ಇನ್ನೂ 540 ಬೇಕು. ಅಂದ್ರೆ ಈ ಹಣ್ಣಿನ ನೀರು ಓಡಿಸೋಕೇ 580 ಹತ್ರ ಖರ್ಚು. ಒಣಗಿದ ಮೇಲೆ ಉಳಿಯೋ 60 ಗ್ರಾಂ ಸೊಪ್ಪು ಸಿಪ್ಪೆಯಂಥ ಪದಾರ್ಥ ಚೆನ್ನಾಗಿ ಉರಿದ್ರೂ ಕೊಡೋದು ಸುಮಾರು 240. ಕೈಯಿಂದ 340 ಹಾಕಿ ಸುಡಬೇಕು, ಬರೋದೇನೂ ಇಲ್ಲ. ಅದೇ ತಿಪಟೂರಿನ ಒಣ ತೆಂಗಿನ ಚಿಪ್ಪು 1 ಕೆಜಿ ತಗೊಳ್ಳಿ, ಸುಮಾರು 4,500 ಕಿಲೋ ಕ್ಯಾಲೊರಿ ಕೊಡುತ್ತೆ. ಪಾಲಿಥಿನ್ ಕವರ್ ಆದ್ರೆ 10,000 ದಾಟುತ್ತೆ, ಪೆಟ್ರೋಲ್ ಡೀಸೆಲ್‌ಗೆ ಹತ್ತಿರ ಹತ್ತಿರ, ಯಾಕಂದ್ರೆ ಅದು ಬಂದಿರೋದೂ ಕಚ್ಚಾ ತೈಲದಿಂದಾನೇ.

ನಮ್ಮ ಊರುಗಳ ಕಸ ಟೊಮೆಟೊಗೂ ಚಿಪ್ಪಿಗೂ ನಡುವೆ ಎಲ್ಲೋ ಇರುತ್ತೆ. ಅನ್ನ, ತರಕಾರಿ ಸಿಪ್ಪೆ, ಹೂವು, ಎಳನೀರು ಬುರುಡೆ, ಜೊತೆಗೆ ರಸ್ತೆ ಗುಡಿಸಿದ ಮಣ್ಣು. ಬೇರ್ಪಡಿಸದೆ ಬಂದ ಕಸದಲ್ಲಿ ಅರ್ಧದಷ್ಟು ತೂಕ ನೀರೇ ಇರೋದು ಸಾಮಾನ್ಯ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಯೂರೋಪಿನ ಊರುಗಳ ಕಸದಲ್ಲಿ ಕಾಗದ, ರಟ್ಟು, ಪ್ಯಾಕಿಂಗು ಜಾಸ್ತಿ. ನಮ್ಮಲ್ಲಿ ಆ ಕಾಗದ, ರಟ್ಟು, ಗಟ್ಟಿ ಪ್ಲಾಸ್ಟಿಕ್ ಎಲ್ಲ ಗುಜರಿಯವ್ರು, ಚಿಂದಿ ಆಯೋರು ಮೊದಲೇ ಎತ್ಕೊಂಡಿರ್ತಾರೆ. ಅದು ಒಳ್ಳೇದೇ, ಮರುಬಳಕೆಗೆ ಹೋಗುತ್ತೆ. ಆದ್ರೆ ಉಳಿದ ಕಸದಲ್ಲಿ ಉರಿಯೋ ತಾಕತ್ತು ಕಮ್ಮಿ ಆಗುತ್ತೆ.

ಇದು ಬರೀ ಪೇಪರ್ ಮೇಲಿನ ಲೆಕ್ಕ ಅಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕ್ ಟೆಕ್ನಾಲಜಿ ತಂದು ದಿನಕ್ಕೆ 300 ಟನ್ ಕಸ ಸುಡೋ ಪ್ಲಾಂಟ್ ಕಟ್ಟಿದ್ರು. ಒಂದು ಕೆಜಿ ಕಸದಲ್ಲಿ 1,400ಕ್ಕಿಂತ ಹೆಚ್ಚು ಕಿಲೋ ಕ್ಯಾಲೊರಿ ಇರುತ್ತೆ ಅಂತ ಲೆಕ್ಕ ಹಾಕಿ ಮಾಡಿದ ಡಿಸೈನು. ಬಂದ ಕಸದಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಕೆಲವೇ ವಾರದಲ್ಲಿ ಪ್ಲಾಂಟ್ ನಿಂತೋಯ್ತು. ಮಷೀನು ಕೆಟ್ಟಿದ್ದಲ್ಲ, ಅದಕ್ಕೆ ಹಾಕಿದ್ದು ಇಂಧನವೇ ಆಗಿರಲಿಲ್ಲ.

2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೂ ಇದೇ ಲೆಕ್ಕ ಇತ್ತು. ಮರುಬಳಕೆ ಆಗದ, ಆದ್ರೆ ಕೆಜಿಗೆ 1,500 ಕಿಲೋ ಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡೋ ಕಸಾನ ಹೂಳಬಾರದು, ಶಕ್ತಿ ತೆಗೆಯೋಕೇ ಬಳಸ್ಬೇಕು ಅಂತ ಅದು ಹೇಳಿತ್ತು. ಗಮನಿಸಿ, ಮರುಬಳಕೆ ಆಗದ್ದು ಅನ್ನೋದು ಮೊದಲ ಷರತ್ತಾಗಿತ್ತು.

ಪೂರ್ತಿ ಸುಟ್ಟು ಕರೆಂಟ್ ಮಾಡೋದು

ಇದು ಎಲ್ಲಕ್ಕಿಂತ ಹಳೇ ದಾರಿ, ಜಗತ್ತಲ್ಲಿ ಹೆಚ್ಚು ನಡೀತಿರೋದೂ ಇದೇ. ಕಸಾನ ಜರುಗೋ ಕಬ್ಬಿಣದ ಜಾಲರಿ ಮೇಲೆ ಸುಡ್ತಾರೆ, ಆ ಶಾಖದಲ್ಲಿ ಬಾಯ್ಲರ್‌ನ ನೀರು ಸ್ಟೀಮ್ ಆಗುತ್ತೆ, ಸ್ಟೀಮು ಟರ್ಬೈನ್ ತಿರುಗಿಸುತ್ತೆ, ಅಲ್ಲಿಂದ ಕರೆಂಟು. ಕಲ್ಲಿದ್ದಲು ಪ್ಲಾಂಟ್ ಥರಾನೇ. ಆದ್ರೆ ಕಲ್ಲಿದ್ದಲಿನಷ್ಟು ಕರೆಂಟ್ ಬರಲ್ಲ, ಅದಕ್ಕೆ ಕಾರಣ ತೇವ ಒಂದೇ ಅಲ್ಲ. ಕಸದಲ್ಲಿ ಉಪ್ಪು ಇರುತ್ತೆ, ಪಿವಿಸಿ ಪ್ಲಾಸ್ಟಿಕ್ ಇರುತ್ತೆ, ಇವೆರಡರಲ್ಲೂ ಕ್ಲೋರಿನ್ ಇದೆ. ಬೆಂಕೀಲಿ ಅದು ಆಸಿಡ್ ಆಗಿ ಬಾಯ್ಲರ್ ಪೈಪುಗಳನ್ನ ತಿನ್ನುತ್ತೆ, ಅದಕ್ಕೇ ಸ್ಟೀಮನ್ನ 400 ಡಿಗ್ರಿ ಆಸುಪಾಸಲ್ಲೇ ಇಟ್ಕೋತಾರೆ. ಸ್ಟೀಮ್ ಬಿಸಿ ಕಮ್ಮಿ ಆದ್ರೆ ಕರೆಂಟೂ ಕಮ್ಮಿ.

ನಮಗೆ ಹತ್ತಿರದ ಉದಾಹರಣೆ ಬಿಡದಿ. ಅಲ್ಲಿ ಬೆಂಗಳೂರಿನ ಕಸಕ್ಕೆ ಅಂತ ರಾಜ್ಯ ಸರ್ಕಾರದ ವಿದ್ಯುತ್ ನಿಗಮ ಕೆಪಿಸಿಎಲ್ 11.5 ಮೆಗಾವ್ಯಾಟ್ ಪ್ಲಾಂಟ್ ಕಟ್ಟಿದೆ, ದಿನಕ್ಕೆ 600 ಟನ್ ಕಸ ತಗೊಳ್ಳೋ ಹಾಗೆ. ಪೂರ್ತಿ ಸಾಮರ್ಥ್ಯದಲ್ಲಿ 24 ಗಂಟೆ ಓಡಿದ್ರೆ 2,76,000 ಯೂನಿಟ್ಟು. 6 ಲಕ್ಷ ಕೆಜಿ ಕಸಕ್ಕೆ ಭಾಗಿಸಿದ್ರೆ ಕೆಜಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಮ್ಮಿ. ಅದ್ರಲ್ಲೂ ಸ್ವಲ್ಪ ಪ್ಲಾಂಟಿನ ಫ್ಯಾನು ಪಂಪಿಗೇ ಹೋಗುತ್ತೆ.

ಈಗ ನಮ್ಮ ಜಿಲ್ಲಾ ಕೇಂದ್ರಗಳ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ, ಕೋಲಾರ 1.38 ಲಕ್ಷ, ಚಿಕ್ಕಬಳ್ಳಾಪುರ 64 ಸಾವಿರದ ಆಸುಪಾಸು. ಈಗ ಜಾಸ್ತಿ ಆಗಿದೆ, ಆದ್ರೂ ಒಬ್ರಿಗೆ ದಿನಕ್ಕೆ 400 ಗ್ರಾಂ ಕಸ ಅಂತ ಹಿಡಿದ್ರೆ ಆ ಜನಸಂಖ್ಯೆಗೆ ತುಮಕೂರಲ್ಲಿ 120 ಟನ್, ಕೋಲಾರದಲ್ಲಿ 55, ಚಿಕ್ಕಬಳ್ಳಾಪುರದಲ್ಲಿ 25 ಟನ್ ಬರುತ್ತೆ. ಅದ್ರಲ್ಲಿ ಹಸಿ ಕಸ, ಮಣ್ಣು, ಮರುಬಳಕೆ ಆಗೋದು ಎಲ್ಲಾ ತೆಗೆದ್ರೆ ಸುಡೋಕೆ ಉಳಿಯೋದು ಸಣ್ಣ ಪಾಲು. ಇಷ್ಟು ಕಮ್ಮಿ ಕಸಕ್ಕೆ ಟರ್ಬೈನು, ಬಾಯ್ಲರು, ಹೊಗೆ ಶುದ್ಧಿ ಮಾಡೋ ಸಾಮಾನು ಎಲ್ಲಾ ಹಾಕಿದ್ರೆ ಖರ್ಚು ಹುಟ್ಟಲ್ಲ. ಹಂಗಾದ್ರೆ ಪ್ಲಾಂಟ್ ನಡೀಬೇಕು ಅಂದ್ರೆ ಬೇರೆ ಊರಿಂದ ಕಸ ತರಬೇಕಾಗುತ್ತೆ, ನಮ್ಮ ಮೂರೂ ಜಿಲ್ಲೆ ಬೆಂಗಳೂರಿಗೆ ಮಗ್ಗಲಲ್ಲೇ ಇರೋದ್ರಿಂದ ಯಾವೂರಿನ ಕಸ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೊಗೆ ವಿಷಯಕ್ಕೆ ಬರೋಣ, ಜನ ಹೆದರೋದೂ ಇದಕ್ಕೇ, ಹೆದರಿಕೆಗೆ ಕಾರಣಾನೂ ಇದೆ. ಕ್ಲೋರಿನ್ ಇರೋ ಕಸ ಅರೆಬರೆ ಉರಿದ್ರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ. ಇದು ದೇಹದ ಕೊಬ್ಬಿನಲ್ಲಿ ಸೇರ್ಕೊಂಡು ವರ್ಷಗಟ್ಟಲೆ ಉಳಿಯುತ್ತೆ, ಕ್ಯಾನ್ಸರಿಗೂ ಕಾರಣ ಆಗುತ್ತೆ. ಇದನ್ನ ತಡೆಯೋಕೆ ಹೊಗೆಯನ್ನ 850 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕನಿಷ್ಠ 2 ಸೆಕೆಂಡ್ ಇಡಬೇಕು, ಆಗ ಅದು ಒಡೆದು ಹೋಗುತ್ತೆ. ಆದ್ರೆ ಅಲ್ಲಿಗೇ ಮುಗೀಲಿಲ್ಲ, ಹೊಗೆ ತಣ್ಣಗಾಗ್ತಾ 450ರಿಂದ 250 ಡಿಗ್ರಿ ನಡುವೆ ಬಂದಾಗ ಅದು ಮತ್ತೆ ಹುಟ್ಕೊಳ್ಳುತ್ತೆ, ಅದಕ್ಕೆ ಆ ಹಂತಾನ ತುಂಬಾ ಬೇಗ ದಾಟಿಸಬೇಕು. ಆಮೇಲೆ ಸುಣ್ಣ ಹಾಕಿ ಆಸಿಡ್ ಹಿಡೀತಾರೆ, ಆಕ್ಟಿವೇಟೆಡ್ ಕಾರ್ಬನ್ ಅನ್ನೋ ಹೀರೋ ಗುಣದ ಇದ್ದಿಲ ಪುಡಿ ಊದಿ ಉಳಿದ ಡಯಾಕ್ಸಿನ್, ಪಾದರಸ ಹೀರಿಸ್ತಾರೆ, ಕೊನೆಗೆ ಬಟ್ಟೆ ಚೀಲದ ಫಿಲ್ಟರಲ್ಲಿ ಧೂಳು ಹಿಡೀತಾರೆ. ಪ್ಲಾಂಟಿನ ದುಡ್ಡಲ್ಲಿ ದೊಡ್ಡ ಪಾಲು ಈ ಹೊಗೆ ಶುದ್ಧಿಗೇ ಹೋಗುತ್ತೆ, ಹೋಗಲೇಬೇಕು. ಯಾರಾದ್ರೂ ತುಂಬಾ ಅಗ್ಗದ ಪ್ಲಾಂಟ್ ಅಂತ ಹೇಳಿದ್ರೆ ಮೊದಲು ನೋಡಬೇಕಾದ್ದೂ ಇದನ್ನೇ.

ಬೀದಿ ಮೂಲೆಯಲ್ಲಿ ಎಲೆ, ಕವರು, ಬಾಟ್ಲಿ ಗುಡ್ಡೆ ಹಾಕಿ ಬೆಂಕಿ ಹಚ್ತಾರಲ್ಲ, ಅಲ್ಲಿ ಈ ಮೇಲಿನ ಯಾವುದೂ ಇಲ್ಲ. ಬಿಸಿ ಕಮ್ಮಿ, ಗಾಳಿ ಸಾಲದು, ಹೊಗೆ ಮೂಗಿನ ಮಟ್ಟದಲ್ಲೇ ಇರುತ್ತೆ. ಕಸ ಸುಡೋ ವಿಧಾನಗಳಲ್ಲೇ ಕೆಟ್ಟದ್ದು ಅದು. ಪೌರಕಾರ್ಮಿಕರು, ಅಕ್ಕಪಕ್ಕದ ಮಕ್ಕಳು ಅದನ್ನ ದಿನಾ ಕುಡೀತಿದ್ದಾರೆ, ದಯವಿಟ್ಟು ಅದನ್ನ ನಿಲ್ಲಿಸಿ.

ಕುಣಿಗಲ್ ತಾಲೂಕಿನ ಹೊಸಹಳ್ಳಿ ದೀಪ

ಗ್ಯಾಸಿಫಿಕೇಶನ್ ಅಂದ್ರೆ ಯಾವುದೋ ದೇಶದ್ದು ಅನ್ಕೋಬೇಡಿ. ನಮ್ಮ ತುಮಕೂರು ಜಿಲ್ಲೆಗೆ ಇದರಲ್ಲಿ ಇತಿಹಾಸಾನೇ ಇದೆ, ಅದನ್ನ ನಾವೇ ಮರೆತಿದೀವಿ ಅನ್ನೋದು ನನಗೆ ಬೇಜಾರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಅಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವ್ರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಂತಾನೇ 'ಅಸ್ತ್ರ' ಅನ್ನೋ ವಿಭಾಗ ಶುರು ಮಾಡಿದ್ರು. ಅವ್ರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲೂಕಿನ ಉಂಗ್ರದಲ್ಲಿ. ಅದೇ ತಾಲೂಕಿನ ಹೊಸಹಳ್ಳಿ ಅನ್ನೋ ಪುಟ್ಟ ಊರಿಗೆ ಆಗ ಕರೆಂಟ್ ಲೈನೇ ಇರಲಿಲ್ಲ. 1988ರಲ್ಲಿ ಅಲ್ಲಿ 3.7 ಕಿಲೋವ್ಯಾಟಿನ ಸಣ್ಣ ಗ್ಯಾಸಿಫೈಯರ್ ಕೂರಿಸಿದ್ರು. ಊರ ಪಕ್ಕದಲ್ಲೇ ಇದಕ್ಕಂತ ಮರ ಬೆಳೆಸಿ, ಆ ಕಟ್ಟಿಗೆ ತುಂಡು ಮಾಡಿ ಒಣಗಿಸಿ ಹಾಕೋದು, ಬಂದ ಗ್ಯಾಸಲ್ಲಿ ಡೀಸೆಲ್ ಎಂಜಿನ್ ಓಡಿಸೋದು. ಎಂಜಿನ್ನಿಗೆ ಸ್ವಲ್ಪ ಡೀಸೆಲ್ಲೂ ಬೇಕಿತ್ತು, ಆದ್ರೆ ಬಹುಪಾಲು ಕೆಲಸ ಕಟ್ಟಿಗೆ ಗ್ಯಾಸಿಂದು. ಮನೆಗಳಿಗೆ ದೀಪ ಬಂತು, ಕುಡಿಯೋ ನೀರಿನ ಪಂಪು, ಹಿಟ್ಟಿನ ಗಿರಣಿ ಓಡಿತು. ಮುಂದೆ 20 ಕಿಲೋವ್ಯಾಟ್‌ವರೆಗೂ ದೊಡ್ಡದು ಮಾಡಿದ್ರು. ಆಮೇಲೆ ಇದೇ ಜಿಲ್ಲೆಯಲ್ಲಿ ವಿಶ್ವಸಂಸ್ಥೆಯ ನೆರವಿನ ಯೋಜನೆಯಲ್ಲಿ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟಿನ ಪ್ಲಾಂಟ್ ಆಯ್ತು, ಅದರ ಕರೆಂಟು ಗ್ರಿಡ್‌ಗೇ ಹೋಗ್ತಿತ್ತು.

ಒಳಗೆ ನಡೆಯೋದು ಇಷ್ಟು. ಎತ್ತರದ ಡ್ರಮ್ಮು, ಮೇಲಿಂದ ಕಟ್ಟಿಗೆ ತುಂಡು. ಕೆಳಗೆ ಅಳತೆ ಮಾಡಿ ಗಾಳಿ ಬಿಡ್ತಾರೆ. ಸ್ವಲ್ಪ ಭಾಗ ಉರಿದು 1,000 ಡಿಗ್ರಿ ಆಸುಪಾಸು ಬಿಸಿ ಆಗುತ್ತೆ, ಅಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಕೆಳಗಿರೋ ಕೆಂಡದ ಪದರದ ಮೂಲಕ ಹಾಯುತ್ತೆ, ಕೆಂಡ ಅವುಗಳಿಂದ ಆಕ್ಸಿಜನ್ ಕಿತ್ಕೊಳ್ಳುತ್ತೆ. ಹೊರಗೆ ಬರೋದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಎರಡೂ ಚೆನ್ನಾಗಿ ಉರಿಯೋ ಗ್ಯಾಸು. ಇದಕ್ಕೆ ಪ್ರೊಡ್ಯೂಸರ್ ಗ್ಯಾಸ್ ಅಂತಾರೆ. ಗಾಳಿಯ ನೈಟ್ರೋಜನ್ನೇ ಅದರಲ್ಲಿ ಅರ್ಧ ಇರೋದ್ರಿಂದ ಎಲ್‌ಪಿಜಿಯಷ್ಟು ಬಲ ಇರಲ್ಲ, ಆದ್ರೂ ಎಂಜಿನ್ ಓಡುತ್ತೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾಗ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದ್ದು ಇದೇ ವಿಧಾನದಲ್ಲಿ. 1 ಯೂನಿಟ್ ಕರೆಂಟಿಗೆ ಸುಮಾರು 1ರಿಂದ 1.3 ಕೆಜಿ ಒಣ ಕಟ್ಟಿಗೆ ಬೇಕಾಗುತ್ತೆ.

ಹಂಗಾದ್ರೆ ಊರಿನ ಕಸ ಹಾಕಿ ಇದನ್ನೇ ಮಾಡಬಹುದಲ್ಲ? ಇಲ್ಲೇ ಕಷ್ಟ ಇರೋದು. ಹೊಸಹಳ್ಳಿಯಲ್ಲಿ ಹಾಕಿದ್ದು ಒಂದೇ ಥರದ, ಒಂದೇ ಅಳತೆಯ, ಒಣಗಿದ ಕಟ್ಟಿಗೆ. ತೇವ ಶೇ. 15-20 ದಾಟಿದ್ರೆ ಗ್ಯಾಸಿನ ಗುಣ ಕೆಡುತ್ತೆ, ಟಾರು ಜಾಸ್ತಿ ಆಗುತ್ತೆ, ಆ ಟಾರು ಎಂಜಿನ್ ವಾಲ್ವುಗಳಲ್ಲಿ ಅಂಟ್ಕೊಂಡು ಎಂಜಿನ್ನೇ ಹಿಡ್ಕೊಳ್ಳುತ್ತೆ. ಊರಿನ ಕಸದಲ್ಲಿ ಮಣ್ಣು ಗಾಜು ಇದ್ರೆ ಆ ಬಿಸಿಗೆ ಕರಗಿ ಗಟ್ಟಿ ಉಂಡೆ ಕಟ್ಟಿ ದಾರಿ ಮುಚ್ಚುತ್ತೆ, ಪ್ಲಾಸ್ಟಿಕ್ ಕವರು ಕರಗಿ ಮೇಲಿನ ಪದರ ಕೆಳಗೆ ಇಳಿಯದ ಹಾಗೆ ಅಂಟಿಸಿಬಿಡುತ್ತೆ. ಗ್ಯಾಸ್ ತೊಳೆದ ನೀರೂ ಕೊಳಕೇ, ಅದನ್ನ ಕೆರೆಗೋ ಚರಂಡಿಗೋ ಬಿಡೋ ಹಂಗಿಲ್ಲ. ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ಸೋಗೆಯ ದಿಂಡು, ಮಾವಿನ ಮರದ ಸವರಿದ ಕೊಂಬೆ, ಇಂಥದ್ದಕ್ಕೆ ಇದು ಚೆನ್ನಾಗಿ ಒಗ್ಗುತ್ತೆ. ಶಿಡ್ಲಘಟ್ಟ ಕಡೆ ರೇಷ್ಮೆ ಸೊಪ್ಪು ತಿಂದು ಉಳಿದ ಕಡ್ಡಿ ಎಷ್ಟು ಬೀಳುತ್ತೆ ಅಂತ ಹುಳ ಮೇಯಿಸೋರನ್ನ ಕೇಳಿ, ನೂಲು ಬಿಚ್ಚೋ ಮನೆಗಳಲ್ಲಿ ಗೂಡು ಬೇಯಿಸೋಕೆ ದಿನಾ ಬಿಸಿನೀರು ಬೇಕು ಅನ್ನೋದೂ ಗೊತ್ತಿರೋದೇ, ಇಂಧನ ಮತ್ತು ಅದರ ಅಗತ್ಯ ಎರಡೂ ಒಂದೇ ಊರಲ್ಲಿರೋದು ದೊಡ್ಡ ಅನುಕೂಲ.

ಚಿಪ್ಪಿನ ಇದ್ದಿಲು, ಪ್ಲಾಸ್ಟಿಕ್ ಎಣ್ಣೆ

ಪೈರೋಲಿಸಿಸ್ ಕಣ್ಣಾರೆ ನೋಡಬೇಕು ಅಂದ್ರೆ ತಿಪಟೂರು ಸೀಮೆಯಲ್ಲಿ ಚಿಪ್ಪು ಸುಡೋ ಕಡೆ ಹೋಗಿ. ಗುಂಡಿ ತಳದಲ್ಲಿ ಸ್ವಲ್ಪ ಚಿಪ್ಪಿಗೆ ಬೆಂಕಿ ಮಾಡಿ, ಅದು ಹತ್ಕೊಂಡ ಮೇಲೆ ಇನ್ನಷ್ಟು, ಇನ್ನಷ್ಟು ಅಂತ ಮೇಲೆ ಮೇಲೆ ಸುರೀತಾ ಹೋಗ್ತಾರೆ, ಹಂಗೆ ಸುರಿದಾಗ ಕೆಳಗಿನ ಬೆಂಕಿಗೆ ಗಾಳಿ ಸಿಗಲ್ಲ. ತುಂಬಿದ ಮೇಲೆ ತಗಡು ಮುಚ್ಚಿ ಸುತ್ತ ಮಣ್ಣು ಮೆತ್ತುತ್ತಾರೆ. ಮೊದಲು ಬರೋದು ದಪ್ಪ ಬಿಳಿ ಹೊಗೆ, ಅದರಲ್ಲಿ ನೀರಾವಿ ಜಾಸ್ತಿ. ಆಮೇಲೆ ಹಳದಿ ಛಾಯೆಯ, ಕಣ್ಣು ಉರಿಸೋ ಹೊಗೆ, ಅದು ಟಾರು ಮತ್ತು ಆಸಿಡ್. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿದ್ರೆ ಒಳಗೆ ಕೆಲಸ ಮುಗೀತು ಅಂತ ಅನುಭವಸ್ಥರು ಹೇಳ್ತಾರೆ. ಪೂರ್ತಿ ಆರೋಕೆ ಮುಂಚೆ ಮುಚ್ಚಳ ತೆಗೆದ್ರೆ ಗಾಳಿ ನುಗ್ಗಿ ಎಲ್ಲಾ ಬೂದಿ.

100 ಕೆಜಿ ಚಿಪ್ಪಿಗೆ ಸಿಗೋದು 25ರಿಂದ 30 ಕೆಜಿ ಇದ್ದಿಲು. ಉಳಿದ 70 ಕೆಜಿ ಎಲ್ಲಿ ಹೋಯ್ತು? ಹೊಗೆಯಾಗಿ ಊರ ಮೇಲೆ ಹೋಯ್ತು. ಅದರಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡು ಬಿಟ್ರೆ ಉಳಿದಿದ್ದು ಬಹುಪಾಲು ಇಂಧನ. ಅದೇ ಕೆಲಸಾನ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಮಾಡಿ, ಹೊಗೆಯನ್ನ ಪೈಪಲ್ಲಿ ತಂದು ಅದೇ ಪಾತ್ರೆಯ ಕೆಳಗೆ ಉರಿಸಿದ್ರೆ, ಪಾತ್ರೆ ಬಿಸಿ ಮಾಡೋಕೆ ಬೇರೆ ಸೌದೆಯೂ ಬೇಕಿಲ್ಲ, ಅಕ್ಕಪಕ್ಕದವ್ರಿಗೆ ಹೊಗೆಯ ಕಾಟಾನೂ ಇಲ್ಲ. ಇದಕ್ಕೆ ಬಂಡವಾಳ ಬೇಕು ಅನ್ನೋದು ನಿಜ, ಆದ್ರೆ ಟೆಕ್ನಾಲಜಿ ಹೊಸದೇನಲ್ಲ. ಆ ಇದ್ದಿಲಿಗೆ ಸ್ಟೀಮ್ ಕೊಟ್ಟು ಆಕ್ಟಿವೇಟೆಡ್ ಕಾರ್ಬನ್ ಮಾಡ್ತಾರೆ, ಮನೆ ವಾಟರ್ ಫಿಲ್ಟರ್‌ನಲ್ಲಿ ಇರೋದೂ ಅದೇ.

ಪ್ಲಾಸ್ಟಿಕ್ಕಿಗೂ ಇದೇ ಉಪಾಯ. ಗಾಳಿ ಇಲ್ಲದ ಪಾತ್ರೆಯಲ್ಲಿ 400-500 ಡಿಗ್ರಿಗೆ ಕಾಯಿಸಿದ್ರೆ ಪಾಲಿಥಿನ್‌ನ ಉದ್ದ ಸರಪಳಿಗಳು ತುಂಡಾಗಿ ಆವಿಯಾಗ್ತವೆ, ಆವಿ ತಣಿಸಿದ್ರೆ ಎಣ್ಣೆ. ಡೆಹ್ರಾಡೂನ್‌ನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರಲ್ಲಿ ದಿನಕ್ಕೆ 1 ಟನ್ ಪ್ಲಾಸ್ಟಿಕ್ಕಿನ ಘಟಕ ಶುರು ಮಾಡ್ತು, 1 ಟನ್ನಿಂದ 800 ಲೀಟರ್‌ವರೆಗೂ ಡೀಸೆಲ್ ತೆಗೆಯಬಹುದು ಅಂತ. ಆದ್ರೆ ಅಲ್ಲಿ ಬೇಕಿರೋದು ಆರಿಸಿದ, ಶುದ್ಧವಾದ, ಸರಿಯಾದ ಜಾತಿಯ ಪ್ಲಾಸ್ಟಿಕ್. ಹಾಲಿನ ಪ್ಯಾಕೆಟ್, ಕ್ಯಾರಿ ಬ್ಯಾಗ್, ಬಕೆಟ್ ಇವು ಒಳ್ಳೇವು. ನೀರಿನ ಬಾಟ್ಲಿಯ ಪೆಟ್ ಪ್ಲಾಸ್ಟಿಕ್ ಹಾಕಿದ್ರೆ ಎಣ್ಣೆ ಬದಲು ಪೈಪಿನ ದಾರಿ ಮುಚ್ಚೋ ಪುಡಿ ಬರುತ್ತೆ, ಅದನ್ನ ಮರುಬಳಕೆಗೆ ಕೊಡೋದೇ ಸರಿ. ಪಿವಿಸಿ ಪೈಪು, ವೈರಿನ ಹೊದಿಕೆ ಬಿದ್ರೆ ಆಸಿಡ್ ಹುಟ್ಟಿ ಪಾತ್ರೆಯನ್ನೂ ಎಣ್ಣೆಯನ್ನೂ ಕೆಡಿಸುತ್ತೆ.

ವಿಡಿಯೋಗಳಲ್ಲಿ ತೋರಿಸೋ ಹಾಗೆ ಆ ಎಣ್ಣೆಯನ್ನ ಸೀದಾ ಬೈಕಿಗೆ ಟ್ರಾಕ್ಟರಿಗೆ ಹಾಕಬೇಡಿ. ಅದರಲ್ಲಿ ಪೆಟ್ರೋಲಿನಂಥ ಹಗುರ ಭಾಗ, ಡೀಸೆಲ್‌ನಂಥ ಭಾಗ, ಮೇಣ ಎಲ್ಲಾ ಬೆರೆತಿರುತ್ತೆ, ಬೇರ್ಪಡಿಸಿ ಶುದ್ಧಿ ಮಾಡಿದ ಮೇಲೇನೇ ಅದು ಡೀಸೆಲ್. ಹಾಗೇ ಬಳಸೋದಾದ್ರೆ ಕಾರ್ಖಾನೆ ಬಾಯ್ಲರು, ಕುಲುಮೆಗೆ ಅಷ್ಟೆ. ಇನ್ನು ಮನೇಲಿ ಡ್ರಮ್ಮಿಟ್ಟು ಇದನ್ನ ಟ್ರೈ ಮಾಡೋದಂತೂ ಪ್ರಾಣಕ್ಕೇ ಅಪಾಯ, ಬಿಸಿ ಆವಿಗೆ ಗಾಳಿ ತಾಗಿದ್ರೆ ಸ್ಫೋಟ ಆಗುತ್ತೆ. ಹಳೇ ಟೈರು ಬೇಯಿಸೋ ಘಟಕಗಳಲ್ಲಿ ಎಣ್ಣೆ, ಕಪ್ಪು ಪುಡಿ, ಉಕ್ಕಿನ ತಂತಿ ಮೂರೂ ಸಿಗುತ್ತೆ. ಆದ್ರೆ ಪಾತ್ರೆ ತಣಿಯೋಕೆ ಮುಂಚೆ ಬಾಗಿಲು ತೆಗೆಯೋದು, ಕಪ್ಪು ಪುಡಿ ಗಾಳಿಗೆ ಹಾರೋದು, ಟೈರಿನ ಗಂಧಕ ಎಣ್ಣೆಯಲ್ಲೇ ಉಳಿಯೋದು, ಇವೇ ಅಲ್ಲಿಯ ದೊಡ್ಡ ತೊಂದರೆಗಳು.

ಇನ್ನೂ ಮೂರು ಹೆಸರು

ಟೊರಿಫ್ಯಾಕ್ಷನ್ ಅಂದ್ರೆ 200-300 ಡಿಗ್ರಿಯಲ್ಲಿ ಹುರಿಯೋದು, ಪೂರ್ತಿ ಇದ್ದಿಲಾಗೋಕೆ ಬಿಡದೆ. ಕಸ ಒಣಗಿ, ಸುಲಭವಾಗಿ ಪುಡಿಯಾಗೋ ಕಂದು ಬಣ್ಣದ ಇಂಧನ ಆಗುತ್ತೆ, ಕಲ್ಲಿದ್ದಲಿನ ಜೊತೆ ಬೆರೆಸಿ ಸುಡಬಹುದು. ವಾರಾಣಸಿಯಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಊರಿನ ಕಸದಿಂದ ಇದನ್ನ ಮಾಡೋ ಪ್ಲಾಂಟ್ ಹಾಕಿದೆ.

ಹೈಡ್ರೋಥರ್ಮಲ್ ಅನ್ನೋ ವಿಧಾನ ಹಸಿ ಕಸಕ್ಕೆ. ನೀರು ಓಡಿಸೋ ಬದಲು, ಭಾರಿ ಒತ್ತಡದಲ್ಲಿ 250ರಿಂದ 370 ಡಿಗ್ರಿವರೆಗೆ ನೀರಿನ ಸಮೇತ ಬೇಯಿಸಿದ್ರೆ ಕಚ್ಚಾ ತೈಲದಂಥ ಎಣ್ಣೆ ಬರುತ್ತೆ. ಆ ಒತ್ತಡ ತಡೆಯೋ ಪಾತ್ರೆ, ಪಂಪು ದುಬಾರಿ. ಟೊಮೆಟೊ ಕಸಕ್ಕೆ ಸದ್ಯಕ್ಕೆ ಗೋಬರ್ ಗ್ಯಾಸ್ ದಾರಿಯೇ ಸುಲಭ.

ಮೂರನೇದು ಆರ್‌ಡಿಎಫ್, ಅಂದ್ರೆ ಕಸದಿಂದ ಮಾಡಿದ ಇಂಧನ. ಮರುಬಳಕೆಗೆ ಬಾರದ ಒಣ ಕಸಾನ ಕತ್ತರಿಸಿ, ಒಣಗಿಸಿ, ಬೇಲ್ ಕಟ್ಟಿ ಸಿಮೆಂಟ್ ಫ್ಯಾಕ್ಟರಿಗೆ ಕಳಿಸೋದು. ಸಿಮೆಂಟ್ ಗೂಡಿನೊಳಗೆ ಕಲ್ಲು 1,450 ಡಿಗ್ರಿ ಕಾಯುತ್ತೆ, ಜ್ವಾಲೆ ಇನ್ನೂ ಬಿಸಿ, ಅಲ್ಲಿ ವಿಷ ಉಳಿಯೋದು ಕಷ್ಟ, ಬೂದಿಯೂ ಸಿಮೆಂಟಲ್ಲೇ ಸೇರಿಹೋಗುತ್ತೆ. ಸಣ್ಣ ಊರಿಗೆ ಟರ್ಬೈನ್ ಹಾಕೋದಕ್ಕಿಂತ ಇದು ಎಷ್ಟೋ ಮೇಲು ಅಂತ ನನಗನ್ಸುತ್ತೆ. ಕಷ್ಟ ಅಂದ್ರೆ ದೂರ. ರಾಜ್ಯದ ದೊಡ್ಡ ಸಿಮೆಂಟ್ ಗೂಡುಗಳು ಬಹುಪಾಲು ಕಲಬುರಗಿ ಕಡೆ, ತುಮಕೂರಿಂದ 500 ಕಿಲೋಮೀಟರ್ ಮೇಲೆ. ಹಗುರವಾದ ಕವರುಗಳನ್ನ ಅಷ್ಟು ದೂರ ಸಾಗಿಸೋ ಲಾರಿ ಬಾಡಿಗೆ ಯಾರು ಕೊಡ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಬೂದಿ

ಸುಟ್ರೆ ಕಸ ಮಾಯ ಆಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಗಾತ್ರ ನೂರಕ್ಕೆ 90 ಪಾಲು ಕಮ್ಮಿ ಆಗುತ್ತೆ ನಿಜ, ತೂಕದಲ್ಲಿ ಕಾಲು ಭಾಗದಷ್ಟು ಬೂದಿಯಾಗಿ ಉಳಿಯುತ್ತೆ, ಮಣ್ಣು ಜಾಸ್ತಿ ಇರೋ ನಮ್ಮ ಕಸದಲ್ಲಿ ಇನ್ನೂ ಹೆಚ್ಚು. ತಳದಲ್ಲಿ ಬೀಳೋ ದಪ್ಪ ಬೂದಿಯನ್ನ ಪರೀಕ್ಷೆ ಮಾಡಿ ರಸ್ತೆ ಕೆಲಸಕ್ಕೆ ಬಳಸೋ ದೇಶಗಳಿವೆ. ಆದ್ರೆ ಹೊಗೆ ಫಿಲ್ಟರಲ್ಲಿ ಸಿಗೋ ನಯವಾದ ಬೂದಿ ಬೇರೆ, ಹೊಗೆಯಿಂದ ಹಿಡಿದ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಎಲ್ಲಾ ಅದರಲ್ಲೇ ಇರೋದು. ಅದನ್ನ ಅಪಾಯಕಾರಿ ತ್ಯಾಜ್ಯ ಅಂತಾನೇ ನೋಡಿ, ತಳಕ್ಕೆ ಹೊದಿಕೆ ಹಾಕಿದ ಭದ್ರವಾದ ಗುಂಡಿಯಲ್ಲಿ ಹೂಳಬೇಕು. ಬೋರ್‌ವೆಲ್ ನಂಬಿ ಬದುಕೋ ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಯಲ್ಲಿ, ಅಂತರ್ಜಲದಲ್ಲಿ ಮೊದಲೇ ಫ್ಲೋರೈಡ್ ತೊಂದರೆ ಇರೋ ಕಡೆ, ಈ ಬೂದಿ ಎಲ್ಲಿ ಬೀಳುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ.

ನಮ್ಮೂರಿಗೆ ಪ್ಲಾಂಟ್ ಬರುತ್ತೆ ಅಂದಾಗ ಏನು ಕೇಳ್ಬೇಕು

ಇಂಥ ಪ್ಲಾಂಟಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ನಗರಸಭೆಯಲ್ಲೋ ಪಂಚಾಯಿತಿ ಸಭೆಯಲ್ಲೋ ವಿಷಯ ಬಂದಾಗ, ಬೇಕು ಅನ್ನೋರೂ ಬೇಡ ಅನ್ನೋರೂ ಜಗಳಕ್ಕೆ ಮುಂಚೆ ಕಾಗದ ಕೇಳಿ. ನಮ್ಮೂರಿನ ಕಸದ ಸ್ಯಾಂಪಲ್ ತೆಗೆದು ತೇವ ಎಷ್ಟು, ಶಾಖದ ಬೆಲೆ ಎಷ್ಟು ಅಂತ ನೋಡಿದ್ದಾರಾ, ನೋಡಿದ್ರೆ ಬೇಸಿಗೆಯಲ್ಲಿ ಮಾತ್ರಾನಾ ಮಳೆಗಾಲದಲ್ಲೂನಾ? ದಿನಕ್ಕೆ ಎಷ್ಟು ಟನ್ ಬೇಕು, ಅದರಲ್ಲಿ ನಮ್ಮೂರಿಂದು ಎಷ್ಟು, ಉಳಿದದ್ದು ಎಲ್ಲಿಂದ? ಗುತ್ತಿಗೆಯಲ್ಲಿ ಇಷ್ಟು ಟನ್ ಕೊಡಲೇಬೇಕು ಅಂತ ಷರತ್ತು ಇದ್ಯಾ? ಇದ್ರೆ ನಾಳೆ ಜನ ಚೆನ್ನಾಗಿ ಬೇರ್ಪಡಿಸಿ ಕಸ ಕಮ್ಮಿ ಮಾಡಿದ್ರೆ ನಗರಸಭೆಯೇ ದಂಡ ಕಟ್ಟೋ ಪರಿಸ್ಥಿತಿ ಬರುತ್ತೆ. ಹೊಗೆಯ ಅಳತೆ ಜನಕ್ಕೆ ಕಾಣೋ ಹಾಗೆ ಬೋರ್ಡಲ್ಲಿ ಹಾಕ್ತಾರಾ, ಡಯಾಕ್ಸಿನ್ ಟೆಸ್ಟ್ ವರ್ಷಕ್ಕೆ ಎಷ್ಟು ಸಲ? ಬೂದಿ ಯಾವ ಸರ್ವೆ ನಂಬರ್ ಜಮೀನಿಗೆ ಹೋಗುತ್ತೆ? ಒಂದು ಕೆಜಿಗೆ ಒಂದೂವರೆ ಯೂನಿಟ್, ಎರಡು ಯೂನಿಟ್ ಕರೆಂಟ್ ಅಂತ ಯಾರಾದ್ರೂ ಹೇಳಿದ್ರೆ ಬಿಡದಿ ಲೆಕ್ಕ ಮುಂದಿಟ್ಟು ಹೆಂಗೆ ಅಂತ ಬಿಡಿಸಿ ಹೇಳಿಸಿ.

ಇವಕ್ಕೆಲ್ಲ ಉತ್ತರ ಒಂದೊಂದೂರಿಗೆ ಒಂದೊಂದು ಥರ ಇರುತ್ತೆ. ಆದ್ರೆ ಯಾವ ಟೆಕ್ನಾಲಜಿ ಬಂದ್ರೂ, ಬರದೇ ಇದ್ರೂ, ಹಸಿ ಕಸ ಒಣ ಕಸ ಮನೆ ಬಾಗಿಲಲ್ಲೇ ಬೇರೆ ಆಗಿದ್ರೆ ಮಾತ್ರ ಹಸಿದು ಗೊಬ್ಬರ ಅಥವಾ ಗ್ಯಾಸಿಗೆ, ಬಾಟ್ಲಿ ರಟ್ಟು ಗುಜರಿಗೆ, ಉಳಿದ ಒಣ ಚೂರು ಬೆಂಕಿಗೆ ಹೋಗೋಕೆ ಸಾಧ್ಯ. ಗಾಡಿಯಲ್ಲಿ ಎಲ್ಲಾ ಒಂದಾದ ಮೇಲೆ ಆ ಒದ್ದೆ ಕವರಿನಿಂದ ಅನ್ನದ ಅಗುಳು ಬಿಡಿಸೋ ಮಷೀನು ಸಿಗಬಹುದೇನೋ, ಆದ್ರೆ ಅದಕ್ಕೆ ತಗಲೋ ಖರ್ಚು ಅದರಿಂದ ಬರೋ ಕರೆಂಟಿನ ಬೆಲೆಗಿಂತ ಜಾಸ್ತಿ.